ಕಾಲು ಕತ್ತರಿಸಿಕೊಂಡ ಗರಗಸ

ನಮ್ಮ ಮನೆಯಲ್ಲಿ ಕಬ್ಬಿಣದ ನಾಲ್ಕು ತುಂಡುಗಳಿವೆ. ಒಂದೊಂದೂ ಮೊಳದುದ್ದ, ಚೌಕನೆಯ ಪೈಪು, ಹಸಿರು ಬಣ್ಣ, ತುದಿಗೆ ರಬ್ಬರಿನ ಟೋಪಿ. ಎರಡನ್ನು ನನ್ನ ಹೆಂಡತಿ ಕಸ್ತೂರಿ ನೀರಿನ ಡ್ರಮ್ಮಿನ ಕೆಳಗೆ ಅಡ್ಡಡ್ಡ ಇಟ್ಟಿದ್ದಾಳೆ. ಇನ್ನೊಂದು, ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ನೋಡಿಕೊಳ್ಳುತ್ತದೆ. ನಾಲ್ಕನೆಯದು ಅವಳ ಕೈಗೆ ಸಿಗುವಂತೆ ಅಡುಗೆಮನೆಯ ಮೂಲೆಯಲ್ಲಿರುತ್ತದೆ, ಅದರ ಪರಿಚಯ ಓಣಿಯ ನಾಯಿಗಳಿಗೆ ಚೆನ್ನಾಗಿದೆ. ಮನೆಗೆ ಬಂದವರು ಅವನ್ನು ನೋಡಿ ಏನಿವು ಎಂದು ಕೇಳುತ್ತಾರೆ. ಗರಗಸದ ಕಾಲು ಎನ್ನುತ್ತೇನೆ. ಗರಗಸಕ್ಕೆ ಕಾಲು ಎಲ್ಲಿರುತ್ತವೆ ಎಂದು ಅವರು ನಗುತ್ತಾರೆ. ಈಗ ಇಲ್ಲ ಎನ್ನುತ್ತೇನೆ. ಅಷ್ಟರಲ್ಲಿ ಕಸ್ತೂರಿ ಚಹಾ ತಂದಿಟ್ಟು, "ಅದನ್ನ ಕೇಳಬ್ಯಾಡ್ರಿ, ಸಂಜೀತನ ಹೇಳ್ತಾರ" ಎಂದು ಅವರನ್ನು ಪಾರು ಮಾಡುತ್ತಾಳೆ. ನಿಮ್ಮನ್ನು ಪಾರು ಮಾಡಲು ಇಲ್ಲಿ ಅವಳಿಲ್ಲ.

ನಾವು ಮುದ್ದೇಬಿಹಾಳದ ಬಡಿಗೇರರು. ನಾನು ಕಾಳಪ್ಪ, ನನ್ನ ಜೊತೆಗಾರ ಮೌನೇಶ ಕಾಕಾ. ಅವನಿಗೆ ಆ ಹೆಸರಿಡುವಾಗ ಅವನ ಬಾಯಿಯ ಅಂದಾಜು ಯಾರಿಗೂ ಇರಲಿಲ್ಲ. ಕಾಕಾ ಎಂದರೆ ಅಪ್ಪನ ತಮ್ಮ, ಆದರೆ ನನಗಿಂತ ಎರಡು ವರ್ಷ ಚಿಕ್ಕವನು. ನನ್ನ ಅಜ್ಜ ಯಾವ ಕೆಲಸವನ್ನೂ ಬೇಗ ನಿಲ್ಲಿಸುವ ಮನುಷ್ಯನಾಗಿರಲಿಲ್ಲ. ಹೀಗಾಗಿ ಮೂಗು ಸೋರುತ್ತಿದ್ದ ಹುಡುಗನೊಬ್ಬನಿಗೆ ಹಬ್ಬಹಬ್ಬಕ್ಕೂ ಕಾಲು ಮುಟ್ಟಿ ನಮಸ್ಕಾರ ಮಾಡುವ ಯೋಗ ನನ್ನ ಪಾಲಿಗೆ ಬಂತು. ಅವನು ಅದನ್ನು ಬಹಳ ಗಂಭೀರವಾಗಿ ಸ್ವೀಕರಿಸುತ್ತಿದ್ದ. "ದೊಡ್ಡಾಂವಾಗು" ಎಂದು ಆಶೀರ್ವಾದ ಮಾಡಿ ನನ್ನ ಗೋಲಿ ಕಸಿದುಕೊಳ್ಳುತ್ತಿದ್ದ. ಇಂದಿಗೂ ನಾನು ಅವನನ್ನು ಕಾಕಾ ಎಂದೇ ಕರೆಯುತ್ತೇನೆ, ಏಕವಚನದಲ್ಲೇ ಬೈಯುತ್ತೇನೆ. ಎರಡೂ ನನ್ನ ಹಕ್ಕು.

ನಮ್ಮದು ಕುಂತು ಕೆಲಸ ಮಾಡುವ ಮನೆತನ. ಸೋಮಾರಿಗಳು ಎಂದು ತಿಳಿಯಬೇಡಿ. ನಮ್ಮಲ್ಲಿ ಬಡಿಗ ಎಂದರೆ ನೆಲಕ್ಕೆ ಕೂತು, ಹಲಗೆಯನ್ನು ಎರಡೂ ಪಾದಗಳಲ್ಲಿ ಹಿಡಿದು, ಕೈಯಲ್ಲಿ ಗರಗಸ ಆಡಿಸುವವನು. ಬೇರೆಯವರ ಮನೆಯಲ್ಲಿ ಪಾದ ನಡೆಯುವುದಕ್ಕೆ, ನಮ್ಮ ಮನೆಯಲ್ಲಿ ಹಿಡಿಯುವುದಕ್ಕೆ. ಅದರಿಂದಾಗಿ ನಮ್ಮ ಗಂಡಸರ ಕಾಲಿನ ಹೆಬ್ಬೆರಳು ಉಳಿದ ನಾಲ್ಕರ ಜೊತೆ ಮಾತು ಬಿಟ್ಟಂತೆ ದೂರ ಸರಿದು ನಿಂತಿರುತ್ತದೆ. ಚಪ್ಪಲಿಗೆ ಇದು ಅನುಕೂಲ. ಬೂಟಿಗೆ ಮಾತ್ರ ಗಂಡಾಂತರ. ಜನವರಿ ಇಪ್ಪತ್ತಾರರ ಕವಾಯತಿಗೆ ಸಾಲೆಯಲ್ಲಿ ಬೂಟು ಕಡ್ಡಾಯ ಮಾಡಿದಾಗ ನಾನೂ ಕಾಕಾನೂ ಒಂದು ಜೊತೆ ಬೂಟನ್ನು ಪಾಲು ಮಾಡಿಕೊಂಡು, ತಲಾ ಒಂದೊಂದು ಕಾಲಿಗೆ ಹಾಕಿಕೊಂಡು ಹೋದೆವು. ಇನ್ನೊಂದು ಕಾಲಿಗೆ ಬಟ್ಟೆ ಸುತ್ತಿ ಗಾಯವಾಗಿದೆ ಎಂದೆವು. ಕವಾಯತಿನ ಮಾಸ್ತರರು ನಮ್ಮಿಬ್ಬರನ್ನೂ ಪಕ್ಕಪಕ್ಕಕ್ಕೆ ನಿಲ್ಲಿಸದೆ ಇದ್ದಿದ್ದರೆ ಅದು ದಕ್ಕುತ್ತಿತ್ತು.

ಗರಗಸದ ವಿಷಯದಲ್ಲೂ ನಮ್ಮದು ಇದೇ ಕತೆ. ಪೇಟೆಯಲ್ಲಿ ಸಿಗುವ ಕೈಗರಗಸದ ಹಲ್ಲುಗಳು ಮುಂದಕ್ಕೆ ಬಾಗಿರುತ್ತವೆ. ನಿಂತವನು ಮುಂದಕ್ಕೆ ನೂಕಿದರೆ ಕೊಯ್ಯುತ್ತದೆ. ನೆಲಕ್ಕೆ ಕೂತವನು ನೂಕಿದರೆ ಕೊಯ್ಯುವುದಿಲ್ಲ, ಹಿಂದಕ್ಕೆ ಬೀಳುತ್ತಾನೆ. ಕೂತವನಿಗೆ ತನ್ನ ಕಡೆ ಎಳೆದಾಗ ಕೊಯ್ಯುವ ಗರಗಸ ಬೇಕು. ಅದಕ್ಕೆ ಅಜ್ಜ ಹೊಸ ಗರಗಸ ತಂದ ದಿನವೇ ಅದರ ಚೆಂದದ ಹಿಡಿಕೆಯನ್ನು ಬಿಚ್ಚಿ ಒಲೆಗೆ ಹಾಕಿಸಿ, ಚೂಪಾದ ಮೂಗಿನ ತುದಿಗೆ ತೂತು ಕೊರೆದು, ಅಲ್ಲಿಗೆ ಜಾಲಿಕಟ್ಟಿಗೆಯ ಹಿಡಿಕೆ ಕೂಡಿಸುತ್ತಿದ್ದ. ಹಿಂದಿನದು ಮುಂದಾಗಿ, ಹಲ್ಲುಗಳೆಲ್ಲ ತಂತಾನೇ ಯಜಮಾನನ ಕಡೆ ತಿರುಗುತ್ತಿದ್ದವು. ನೋಡುವವರಿಗೆ ಅದು ಸೊಂಡಿಲು ಹಿಡಿದು ಆನೆಯನ್ನು ಎಳೆದಂತೆ ಕಾಣುತ್ತಿತ್ತು. ಆಮೇಲೆ ಅಜ್ಜ ಅರ ತೆಗೆದುಕೊಂಡು ಒಂದೊಂದೇ ಹಲ್ಲನ್ನು ಮಸೆಯಲು ಕೂತನೆಂದರೆ ಆ ಕಿರ್ರ್ ಸದ್ದಿಗೆ ಓಣಿಯ ಹೆಂಗಸರು ಹಿಟ್ಟು ನಾದುವುದನ್ನು ಬಿಟ್ಟು ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಅಜ್ಜಿ ಮಾತ್ರ ಅದೇ ಸದ್ದಿಗೆ ಗೊರಕೆ ಹೊಡೆಯುತ್ತಿದ್ದಳು. ಇತ್ತೀಚೆಗೆ ಯಾರೋ ಮೊಬೈಲಿನಲ್ಲಿ ತೋರಿಸಿದರು, ಎಳೆದು ಕೊಯ್ಯುವ ಗರಗಸ ಪರದೇಶದಿಂದ ಬಣ್ಣದ ಡಬ್ಬಿಯಲ್ಲಿ ಬರುತ್ತದಂತೆ. ಕಾಕಾ ಅದನ್ನು ನೋಡಿ, "ನಮ್ಮಪ್ಪ ಡಬ್ಬಿ ಮಾಡೂದೊಂದ ಮರ್ತಿದ್ದ" ಎಂದ.

ಇರಲಿ. ಕಾಲಿನ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಕಾಕಾನ ಮೊಣಕಾಲುಗಳು ಮುಷ್ಕರ ಹೂಡಿದವು. ನಿಲ್ಲಬಹುದು, ನಡೆಯಬಹುದು, ಕುರ್ಚಿಯ ಮೇಲೆ ಕೂರಬಹುದು. ನೆಲದ ಮೇಲೆ ಮಾತ್ರ ಕೂರುವ ಹಾಗಿಲ್ಲ. ವಿಜಯಪುರದ ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, ಎಲುಬಿನ ನಡುವಿನ ಗಾದಿ ಸವೆದಿದೆ, ಇನ್ನು ನೆಲದ ಆಸೆ ಬಿಡಿ ಎಂದರು. "ಕುರ್ಚಿ ಮ್ಯಾಲ ಕುಂತಾಂವ ನೆಲದ ಸುಖಾ ಏನ್ ಬಲ್ಲ" ಎಂದು ಹೊರಗೆ ಬಂದು ಕಾಕಾ ಗೊಣಗಿದ.

ಇತ್ತ ನನ್ನ ಬೆನ್ನು ಇದಕ್ಕೆ ಉಲ್ಟಾ. ಹಿಂದೊಮ್ಮೆ ಸಾಗವಾನಿ ಚೌಕಟ್ಟು ಎತ್ತುವಾಗ ಯಾವುದೋ ಮಣಿ ಸರಿದು, ಅಂದಿನಿಂದ ನೆಲಕ್ಕೆ ಕೂತರೆ ದಿನವಿಡೀ ಕೆಲಸ ಮಾಡಬಲ್ಲೆ, ನಿಂತು ಬಗ್ಗಿದರೆ ಅರ್ಧ ತಾಸಿಗೆ ಬೆನ್ನು ಕೀಲಿ ಬೀಳುತ್ತದೆ. ಹೀಗೆ ಒಬ್ಬನಿಗೆ ಕುಂದ್ರಲು ಬರುವುದಿಲ್ಲ, ಇನ್ನೊಬ್ಬನಿಗೆ ನಿಂದ್ರಲು ಬರುವುದಿಲ್ಲ. ಕಸ್ತೂರಿ ನಮ್ಮಿಬ್ಬರನ್ನೂ ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಎರಡನ್ನೂ ಬಿಚ್ಚಿ ಕೂಡ್ಸಿದ್ರ ಒಬ್ಬ ಗಂಡಸ ಆಗಬಹುದು" ಎಂದಳು. ಬಡಿಗನ ಹೆಂಡತಿ ನೋಡಿ, ಬಿಚ್ಚಿ ಕೂಡಿಸುವುದರ ಮೇಲೆ ಅವಳಿಗೆ ನಂಬಿಕೆ.

ಅದೇ ಹೊತ್ತಿಗೆ ಬಸವನ ಬಾಗೇವಾಡಿಯಲ್ಲಿ ರೆಡಿಮೇಡ್ ಬಾಗಿಲುಗಳ ಶೋರೂಮು ತೆರೆದ ಸಾಹುಕಾರರೊಬ್ಬರು ಕಾಕಾನಿಗೆ ಹೇಳಿಕಳಿಸಿದರು. ಫೈಬರಿನ ಬಾಗಿಲು, ಅದರ ಮೇಲೆ ಮರದ ಗೆರೆಗಳ ಚಿತ್ರ. ಗಿರಾಕಿಗಳಿಗೆ ತೋರಿಸಲು ಕಟ್ಟಿಗೆಯ ಮಾತು ಬಲ್ಲ ಹಿರಿಯನೊಬ್ಬ ಬೇಕು, ಕೆಲಸವೇನಿಲ್ಲ, ತಿರುಗುವ ಕುರ್ಚಿಯ ಮೇಲೆ ಕೂತಿದ್ದರೆ ಸಾಕು. ಕಾಕಾ ಇದನ್ನು ನನಗೆ ನಗುತ್ತ ಹೇಳಿದ. ನಾನೂ ನಕ್ಕೆ. ಆದರೆ ಅವನು ಬೇಡ ಎಂದು ಹೇಳಿಕಳಿಸಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಆಗ ನನಗೆ ಹೆದರಿಕೆಯಾಯಿತು. ನಿಮಗೆ ಸುಳ್ಳೇಕೆ ಹೇಳಲಿ, ಹಲಗೆಯ ಈ ತುದಿ ನನ್ನ ಕೈಯಲ್ಲಿದ್ದರೆ ಆ ತುದಿ ಅವನ ಕೈಯಲ್ಲಿರುತ್ತದೆ ಎಂಬುದು ನನಗೆ ಹುಟ್ಟಾ ಗೊತ್ತಿದ್ದ ಸಂಗತಿ. ಅವನಿಲ್ಲದ ಅಂಗಡಿಯಲ್ಲಿ ಕೂತು ನಾನು ಯಾರನ್ನು ಬೈಯಲಿ?

ಉಪಾಯ ಹೊಳೆಯಿತು. ನಿಂತು ಕೆಲಸ ಮಾಡುವ ಯಂತ್ರ ತಂದರೆ ಕಾಕಾನಿಗೆ ನೆಲದ ಗೊಡವೆಯೇ ಇಲ್ಲ. ಟೇಬಲ್ ಸಾ ಎನ್ನುತ್ತಾರಲ್ಲ, ಮೇಜಿನ ನಡುವಿನಿಂದ ಗುಂಡನೆಯ ಬ್ಲೇಡು ತಲೆ ಹಾಕಿ ತಿರುಗುವಂಥದು. ಒಬ್ಬ ಹಲಗೆ ನೂಕಬೇಕು, ಆಚೆ ಬದಿ ಒಬ್ಬ ಹಿಡಿದುಕೊಳ್ಳಬೇಕು. ನನ್ನ ಬೆನ್ನಿನ ಗತಿ ಏನೆಂದು ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡು ಇಬ್ಬರೂ ವಿಜಯಪುರಕ್ಕೆ ಬಸ್ಸು ಹತ್ತಿದೆವು.

ಅಂಗಡಿಯ ತರುಣ ಬಹಳ ಉಮೇದಿನವನು. ಎದುರಿಗೆ ಕ್ಯಾಟಲಾಗು ಹರಡಿ, ಮೋಟಾರಿನ ಶಕ್ತಿ, ಬ್ಲೇಡಿನ ಇಂಚು, ಹಲಗೆ ನೆಟ್ಟಗೆ ಸಾಗಲು ಬದಿಗೆ ಕೂಡಿಸುವ ಪಟ್ಟಿ ಎಲ್ಲ ಬಾಯಿಪಾಠ ಒಪ್ಪಿಸಿದ. ಕ್ಯಾಟಲಾಗಿನ ತುಂಬ ಎತ್ತರದ ಬಿಳಿ ಮನುಷ್ಯರು ಕನ್ನಡಕ ಹಾಕಿಕೊಂಡು, ಹಲ್ಲು ತೋರಿಸುತ್ತ, ಯಂತ್ರದ ಮುಂದೆ ನಿಂತಿದ್ದರು. ಕಾಕಾ ಹಾಳೆ ತಿರುವಿ ತಿರುವಿ ನೋಡಿದ.

"ಇವ್ರ್ಯಾಕ ಎಲ್ಲಾರೂ ನಿಂತಾರ? ಇವ್ರ ಮನ್ಯಾಗ ನೆಲಾ ಇಲ್ಲೇನು?"

"ಇದು ನಿಂತು ಮಾಡೂ ಮಷಿನ್ ರೀ" ಎಂದ ತರುಣ.

"ಕುಂತು ಮಾಡೂದು ತೋರ್ಸು."

"ಹಂತಾದ್ದು ಬರೂದಿಲ್ರಿ."

"ಈಗ ಬಂದಿಲ್ಲಂದ್ರ ಮುಂದಿನ ವಾರ ಬರ್ತೇವಿ."

ನಾನು ಕಾಕಾನ ತೊಡೆ ಚಿವುಟಿದೆ. ನಿನಗಾಗಿಯೇ ನಿಂತು ಮಾಡುವ ಯಂತ್ರ ತರುತ್ತಿದ್ದೇವೆ ಎಂದು ಅವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವನು ಬಸ್ಸೇ ಹತ್ತುತ್ತಿರಲಿಲ್ಲ. ಕೆಲಸ ಹೆಚ್ಚಾಗಿದೆ, ಅದಕ್ಕೆ ಯಂತ್ರ ಎಂದಿದ್ದೆ.

ಬ್ಲೇಡು ಆರಿಸುವಾಗ ಮಾತ್ರ ಕಾಕಾ ಕಾಕಾನೇ ಆದ. ಉದ್ದಕ್ಕೆ ಸೀಳಲು ಕಡಿಮೆ ಹಲ್ಲಿನದು, ಅಡ್ಡ ಕೊಯ್ಯಲು ಹೆಚ್ಚು ಹಲ್ಲಿನದು ಎಂದು ತರುಣ ಎರಡು ತೋರಿಸಿದ. "ಮೊಳಿ ತಿನ್ನೂದು ಯಾವುದು?" ಎಂದು ಕಾಕಾ ಕೇಳಿದ. ತರುಣನಿಗೆ ತಿಳಿಯಲಿಲ್ಲ. ನಮ್ಮ ಅಂಗಡಿಗೆ ಬರುವ ಕಟ್ಟಿಗೆಯಲ್ಲಿ ಅರ್ಧ ಹಳೆ ಮನೆಗಳದ್ದು. ಅಣೆಕಟ್ಟಿನ ಹಿನ್ನೀರು ಬಂದಾಗ ನಿಡಗುಂದಿ ಕಡೆಯ ಮಂದಿ ಬಿಚ್ಚಿಕೊಂಡು ಬಂದ ತೊಲೆ, ಕಂಬ, ಚೌಕಟ್ಟುಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಬೆಣ್ಣೆಯಂಥ ಸಾಗವಾನಿ. ಆದರೆ ನಮ್ಮ ಕಡೆಯ ಮಂದಿಗೆ ಮರ ಕಂಡರೆ ಮೊಳೆ ಹೊಡೆಯದೆ ಸಮಾಧಾನವಿಲ್ಲ. ಕಂದೀಲಿಗೊಂದು, ಕ್ಯಾಲೆಂಡರಿಗೊಂದು, ಮಾವಿನ ತೋರಣಕ್ಕೆರಡು, ದೃಷ್ಟಿ ತಾಗದಿರಲೆಂದು ಹೊಸ್ತಿಲಿಗೆ ಮೂರು, ಅಳಿಯ ಬಂದಾಗ ಅಂಗಿ ತೂಗುಹಾಕಲು ಒಂದು, ಅಳಿಯನ ಅಂಗಿ ಭಾರವೆಂದು ಪಕ್ಕದಲ್ಲಿ ಇನ್ನೊಂದು. ತಲೆ ಮುರಿದ ಮೊಳೆಗಳು ಮರದೊಳಗೆ ಸುಮ್ಮನೆ ಕೂತಿರುತ್ತವೆ. ಅವುಗಳ ಇರವು ಬ್ಲೇಡಿಗೇ ಮೊದಲು ತಿಳಿಯುತ್ತದೆ. ತರುಣ ಮೊಳೆ ಹುಡುಕುವ ಒಂದು ಉಪಕರಣ ತೋರಿಸಿದ. ಕಾಕಾ ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟ. ಊರಿಗೆ ಬಂದವನೇ ಗಣಪತಿ ಮಂಡಳಿಯ ಸತ್ತ ಸ್ಪೀಕರಿನ ಅಯಸ್ಕಾಂತ ಕಿತ್ತು, ದಾರಕ್ಕೆ ಕಟ್ಟಿ, ಹಲಗೆಯ ಮೇಲೆ ತೂಗಾಡಿಸಿದ. ಮೊಳೆ ಇದ್ದಲ್ಲಿ ಅದು ಹೋಗಿ ಟಕ್ಕೆಂದು ಅಂಟಿಕೊಂಡಿತು. ವರ್ಷಗಟ್ಟಲೆ ನಮ್ಮ ನಿದ್ದೆ ಕೆಡಿಸಿದ ಸ್ಪೀಕರು ಕೊನೆಗೂ ಒಂದು ಕೆಲಸಕ್ಕೆ ಬಂತು.

ಯಂತ್ರ ಬಂತು. ಕಾಳಮ್ಮನ ಫೋಟೋದ ಮುಂದಿಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದೆವು. ಜೊತೆಗೆ ಕೊಟ್ಟಿದ್ದ ಕನ್ನಡಕವನ್ನು ಕಸ್ತೂರಿ ಉಳ್ಳಾಗಡ್ಡಿ ಹೆಚ್ಚಲು ಒಯ್ದಳು. ಹಲಗೆ ನೂಕಲು ಕೊಟ್ಟಿದ್ದ ಪ್ಲಾಸ್ಟಿಕ್ಕಿನ ಕೋಲು ಕಾಕಾನ ಕೈಗೆ ಹಿಡಿಸಲಿಲ್ಲ. ಬೇವಿನ ತುಂಡೊಂದನ್ನು ಗಿಳಿಯ ಆಕಾರಕ್ಕೆ ಕೆತ್ತಿ, ಬಾಲ ಹಿಡಿದು ಕೊಕ್ಕಿನಿಂದ ನೂಕುವಂತೆ ಮಾಡಿದ. ಬ್ಲೇಡಿನ ಮೇಲಿನ ಮುಚ್ಚಳವನ್ನು ಬಿಚ್ಚಲು ಹೋದಾಗ ಮಾತ್ರ ನಾನು ಬಿಡಲಿಲ್ಲ. ಕಾಲು ಕೈಕೊಟ್ಟವನಿಗೆ ಕೈಯಾದರೂ ಇರಲಿ.

ಎಲ್ಲ ಆಯಿತು, ಕಾಕಾ ಯಂತ್ರದ ಮುಂದೆ ನಿಲ್ಲಲೇ ಇಲ್ಲ. ನಾಲ್ಕು ದಿನ ನಾನೊಬ್ಬನೇ ಕೊಯ್ದೆ. ಐದನೆಯ ದಿನ ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ಮತ್ತೊಂದು ಹಾಕಿದ.

"ಕಾಳಪ್ಪಾ, ಇದರ ಕಾಲ ತಗಸು."

"ಯಾಕ?"

"ನಿಂತು ಮಾಡಾಕ ನಾವೇನ ಬಸ್ ಕಂಡಕ್ಟರೇನು? ರಸ್ತ್ಯಾಗ ಹೋಗೂ ಮಂದಿ ನೋಡಿದ್ರ ಏನಂದಾರು? ಬಡಿಗ್ಯಾರು ಕೂಲಿಗೆ ನಿಂತಾರ ಅಂದಾರು."

"ನಿನ್ನ ಮೊಣಕಾಲು?"

"ನನ್ನ ಮೊಣಕಾಲಿಗೇನಾಗೇತಿ?"

ಎದುರಾಡಬಹುದಿತ್ತು. ಆದರೆ ಆ ನಾಲ್ಕು ದಿನ ನಿಂತು ಹಲಗೆ ನೂಕಿ ನನ್ನ ಬೆನ್ನು ಕೂಡ ಕಾಕಾನ ಪಕ್ಷ ಸೇರಿತ್ತು. ಜೊತೆಗೆ, ಅವನು ಅಷ್ಟು ಗತ್ತಿನಿಂದ ಹೇಳಿದಾಗ ಬಹುಶಃ ಮೊಣಕಾಲು ನಿಜವಾಗಿಯೂ ಆರಾಮಾಗಿರಬೇಕು ಎಂದು ನಂಬಿಬಿಟ್ಟೆ. ನಂಬುವುದು ನನಗೂ ಬೇಕಾಗಿತ್ತು. ವೆಲ್ಡಿಂಗ್ ಅಂಗಡಿಯ ಮೆಹಬೂಬನನ್ನು ಕರೆಸಿದೆವು. ಅವನು ಹೊಸ ಯಂತ್ರವನ್ನೂ ನಮ್ಮನ್ನೂ ನೋಡಿ, "ಗ್ಯಾರಂಟಿ ಹೋಗತೈತಿ ನೋಡ್ರಿ" ಎಂದ. ಯಾರ ಗ್ಯಾರಂಟಿ ಎಂದು ನಾವು ಕೇಳಲಿಲ್ಲ. ಕಿಡಿ ಹಾರಿಸಿ ನಾಲ್ಕೂ ಕಾಲನ್ನು ಮೊಳದಷ್ಟು ಕೊಯ್ದುಕೊಟ್ಟ. ಪರದೇಶದ ಯಂತ್ರ ನಮ್ಮ ಅಂಗಡಿಯಲ್ಲಿ ಊಟದ ಮಣೆಯ ಹಾಗೆ ನೆಲಕ್ಕೆ ಕೂತಿತು.

ಮರುದಿನ ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ ಕಾಕಾ ಅದರ ಮುಂದೆ ಕೂತಿದ್ದ. ಹೇಗೆ ಕೂತ ಎಂದು ನಾನು ನೋಡಲಿಲ್ಲ. ಕಂಬ ಹಿಡಿದು ಜಾರಿರಬೇಕು. ತಂಗಡಗಿಯ ಒಬ್ಬ ರೈತರ ಮನೆಯ ಚೌಕಟ್ಟಿನ ಕೆಲಸವಿತ್ತು. ಕಾಕಾ ಹಲಗೆ ನೂಕಿದ, ನಾನು ಎದುರು ಕೂತು ಹಿಡಿದುಕೊಂಡೆ. ಕೊಯ್ತ ಎಷ್ಟು ನುಣುಪಾಗಿತ್ತೆಂದರೆ ಅವನು ಅದನ್ನು ಕೆನ್ನೆಗೆ ಒತ್ತಿ ನೋಡಿಕೊಂಡ. ಬಹಳ ದಿನಗಳ ಮೇಲೆ ನಾವಿಬ್ಬರೂ ಎದುರುಬದುರು ನೆಲದ ಮೇಲಿದ್ದೆವು. ನನಗಾದ ಖುಷಿಗೆ ಅವನನ್ನು ಮುಂಜಾನೆಯಿಂದ ಒಮ್ಮೆಯೂ ಬೈಯಲಿಲ್ಲ.

ಮಧ್ಯಾಹ್ನ ಊಟಕ್ಕೆ ಏಳು ಎಂದೆ. "ಇಲ್ಲೇ ತಗೊಂಡ ಬಾ" ಎಂದ. ರೊಟ್ಟಿ ಅಲ್ಲೇ ತಿಂದ, ಅಲ್ಲೇ ಕೈ ತೊಳೆದ. ಕೆಲಸ ಮುಗಿದ ಮೇಲೂ ಅದೇ ಹಲಗೆಯನ್ನು ಉಜ್ಜುತ್ತ ಕೂತ. ಸಂಜೆ ಅಂಗಡಿ ಮುಚ್ಚುವ ಹೊತ್ತಾಯಿತು.

"ನೀ ನಡಿ. ನಾ ಕೀಲಿ ಹಾಕ್ಕೊಂಡು ಬರ್ತೇನಿ."

"ಕೀಲಿ ನನ್ನ ಹತ್ರ ಐತಿ, ಕಾಕಾ."

ಅವನು ಮತ್ತೆ ಹಲಗೆ ಉಜ್ಜತೊಡಗಿದ. ನಾನು ಹೋಗಿ ಕಂಕುಳಿಗೆ ಕೈ ಹಾಕಿದೆ. ನನ್ನ ಬೆನ್ನು ಟಕ್ಕೆಂದಿತು. ಇನ್ನೊಂದು ಸಲ ಎತ್ತಿದ್ದರೆ ಅಂಗಡಿಯಲ್ಲಿ ಏಳಲಾರದವರು ಇಬ್ಬರಾಗುತ್ತಿದ್ದೆವು. ಮತ್ತೆ ಮೆಹಬೂಬನೇ ಬರಬೇಕಾಯಿತು. ಅವನು ಎಂಜಿನ್ ಎತ್ತುವ ಚೈನ್ ಪುಲ್ಲಿ ಹೊತ್ತು ತಂದು, ಮಾಳಿಗೆಯ ತೊಲೆಗೆ ಕಟ್ಟಿ, ಬಹಳ ಮರ್ಯಾದೆಯಿಂದ ಕೇಳಿದ, "ಕಾಕಾ, ಸೊಂಟಕ್ಕ ಹಾಕ್ಲ್ಯೋ, ಕಂಕುಳಕ್ಕ ಹಾಕ್ಲ್ಯೋ?" ಕಂಬಳಿ ಸುತ್ತಿ ಕಂಕುಳಿಗೇ ಹಾಕಿದೆವು. ಸರಪಳಿ ಕಟಕಟ ಎಂದಂತೆ ಕಾಕಾ ಮೇಲೇರಿದ, ಕೂತ ಭಂಗಿಯಲ್ಲೇ, ಕಾಲು ಮಡಚಿಕೊಂಡೇ, ಗಾಳಿಯಲ್ಲಿ ಧ್ಯಾನಕ್ಕೆ ಕೂತವನ ಹಾಗೆ. ಬೇರೆ ಯಾರಾದರೂ ಆಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಂದು ನಗು ಬರಲಿಲ್ಲ. ಆ ಮನುಷ್ಯ ತೊಲೆಗೆ ತೂಗಿಕೊಂಡು ನನ್ನನ್ನು ಬೈಯದೆ ಸುಮ್ಮನಿದ್ದ, ಅದನ್ನೇ ನನಗೆ ತಡೆಯಲಾಗಲಿಲ್ಲ.

ಕಾಲು ನೆಲಕ್ಕೆ ತಾಗಿದ ಮೇಲೆ ಅವನೇ ಹೇಳಿದ, "ನಾಳೆ ಬಾಗೇವಾಡಿಗೆ ಹೋಗ್ತೇನಿ. ಕುರ್ಚಿ ನೋಡ್ಕೊಂಡು ಬರ್ತೇನಿ."

"ಮೆಹಬೂಬ ಕಾಲ ಮತ್ತ ಹಚ್ಚಿ ಕೊಡ್ತಾನ. ಮಷಿನ್ ಎತ್ತರ ಮಾಡಸೂಣು."

"ಬ್ಯಾಡ. ಬಡಿಗ್ಯಾನ ಕಾಲು ಹೋದ್ವು ಅಂತ ಮಷಿನ್ನಿಗೆ ಕಾಲ ಹಚ್ಚಿದ್ರು ಅಂತ ಊರಾಗ ಆಡ್ಕೋತಾರ. ನನ್ನ ಮುಂದ ಆ ಮಷಿನ್ ಎದ್ದು ನಿಂದ್ರಬಾರದು."

ಮರುದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ತಾಳಿಕೋಟೆ ಕಡೆಗೆ ಹೋಗುವ ಬಸ್ಸು ಹತ್ತಿ, ಕಂಡಕ್ಟರನ ಜೊತೆ ಜಗಳಾಡಿ, ಇಳಿದು, ಸರಿಯಾದ್ದು ಹತ್ತಿದ. ಅವನ ಮನಸ್ಸು ಎಲ್ಲಿತ್ತೋ. ನಾನು ಅಂಗಡಿಗೆ ಬಂದು ಕಾಲು ಕಳೆದುಕೊಂಡ ಯಂತ್ರದ ಎದುರು ಕೂತೆ. ಎತ್ತರಿಸಿದರೆ ಅವನ ಮಾನ ಹೋಗುತ್ತದೆ, ನನ್ನ ಬೆನ್ನು ಹೋಗುತ್ತದೆ. ಹೀಗೇ ಬಿಟ್ಟರೆ ಕಾಕಾನೇ ಹೋಗುತ್ತಾನೆ. ಎಷ್ಟೋ ಹೊತ್ತು ಕೂತ ಮೇಲೆ ಒಂದು ವಿಷಯ ತಲೆಗೆ ಬಂತು. ಅಜ್ಜನ ಕಾಲದಲ್ಲಿ ದೊಡ್ಡ ಬೊಡ್ಡೆ ಸೀಳುವಾಗ ಕುಣಿ ತೋಡುತ್ತಿದ್ದರು. ಒಬ್ಬ ಮೇಲೆ, ಒಬ್ಬ ಕುಣಿಯೊಳಗೆ, ನಡುವೆ ಉದ್ದನೆಯ ಗರಗಸ. ಕುಣಿಯಲ್ಲಿ ನಿಂತವನನ್ನು ಯಾರೂ ಕೂಲಿ ಎನ್ನುತ್ತಿರಲಿಲ್ಲ. ಯಂತ್ರ ಏಳುವುದು ಬೇಡವೆಂದರೆ ನೆಲ ಇಳಿಯಬಹುದಲ್ಲ.

ಹಲಗೆ ಹೊರಬರುವ ಬದಿಗೆ ಗುರುತು ಹಾಕಿದೆ. ಕತ್ತರಿಸಿದ ಕಾಲನ್ನೇ ಅಳತೆಗೋಲು ಮಾಡಿಕೊಂಡೆ. ಯಂತ್ರದಿಂದ ಎಷ್ಟು ಹೋಗಿದೆಯೋ ಅಷ್ಟು ನೆಲದಿಂದ ತೆಗೆದರೆ ಲೆಕ್ಕ ಸರಿ. ಆದರೆ ಆ ಲೆಕ್ಕ ಕ್ಯಾಟಲಾಗಿನ ಬಿಳಿಯನಿಗೆ. ಕಾಕಾ ಗಿಡ್ಡ. ಜೀವಮಾನವಿಡೀ ಅವನ ಜೊತೆ ಚೌಕಟ್ಟು ಹೊತ್ತವನು ನಾನು, ಅವನ ಕೈ ಯಾವ ಎತ್ತರಕ್ಕೆ ಬರುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ನಾಲ್ಕು ಬೆರಳು ಕಡಿಮೆ ತೋಡಿಸಿದೆ. ಕರಿಮಣ್ಣು ಕುಸಿಯದಂತೆ ಸುತ್ತ ತಾಳಿಕೋಟೆಯ ಪರ್ಸಿ ಕಲ್ಲಿನ ಚಪ್ಪಡಿ ನಿಲ್ಲಿಸಿದೆ. ಮೆಟ್ಟಿಲು ಅವನಿಗೆ ಆಗಿಬರುವುದಿಲ್ಲ, ಹಿಂದಿನಿಂದ ಇಳಿಜಾರು ಮಾಡಿಸಿದೆ.

ಕಾಕಾನ ಕಿವಿಗೆ ಬೀಳದಿರಲೆಂದು ಮೆಹಬೂಬನೂ ನಾನೂ ಶಟರ್ ಇಳಿಸಿಕೊಂಡು ಈ ಕೆಲಸ ಮಾಡಿದೆವು. ಮುದ್ದೇಬಿಹಾಳದಲ್ಲಿ ಶಟರ್ ಇಳಿಸಿ ನೆಲ ಅಗೆಯುವುದರ ಅರ್ಥ ಒಂದೇ. ಮಧ್ಯಾಹ್ನದೊಳಗೆ ಓಣಿಯ ತುಂಬ ಸುದ್ದಿ, ಬಡಿಗೇರರಿಗೆ ಬಾದಶಾಹಿ ಕಾಲದ ಹೊನ್ನಿನ ಕೊಪ್ಪರಿಗೆ ಸಿಕ್ಕಿದೆ ಎಂದು. ನಮಗೆ ನಿಜವಾಗಿ ಸಿಕ್ಕಿದ್ದು ಒಂದು ಮುರಿದ ಅರ, ಬಳೆಯ ಚೂರು, ಮತ್ತು ಯಾರೋ ಬಚ್ಚಿಟ್ಟ ಬೀಡಿ ಕಟ್ಟು. ಅಂಜನ ಹಾಕಿ ನಿಧಿ ಹೇಳುತ್ತೇನೆ ಎಂದು ಒಬ್ಬ ಮನೆಗೇ ಬಂದ. ನಿಧಿಗೆ ಏಳು ಹೆಡೆಯ ಸರ್ಪ ಕಾವಲಿದೆ ಎಂದು ಅವನು ಹೇಳುವಷ್ಟರಲ್ಲಿ ಕಸ್ತೂರಿ ಅಡುಗೆಮನೆಯ ಮೂಲೆಗೆ ಕೈ ಹಾಕಿದಳು. ಅವನು ಹೋದ.

ಸುದ್ದಿ ಬಸ್ಸಿನಲ್ಲಿ ಬಾಗೇವಾಡಿಗೂ ತಲುಪಿತು. ರಾತ್ರಿ ಅಲ್ಲೇ ಉಳಿದಿದ್ದ ಕಾಕಾ ಮರುದಿನ ಸಂಜೆ ಶಟರಿನ ಕೆಳಗಿನಿಂದ ತಲೆ ತೂರಿಸಿದ. ಇಸ್ತ್ರಿ ಅಂಗಿ ಮುದ್ದೆಯಾಗಿತ್ತು.

"ಎಲ್ಲೈತಿ?"

"ಏನು?"

"ನನ್ನ ಪಾಲು. ಇದು ನಮ್ಮಪ್ಪನ ಜಾಗಾ. ನನಗ ಹೇಳದ ನೀ ಒಬ್ಬನ ಕೊಪ್ಪರಿಗಿ ತಗದಿ?"

"ನಿಂದು ಕುಣ್ಯಾಗ ಐತಿ. ಇಳಿ."

ಗೋಡೆ ಹಿಡಿದು ಇಳಿದ. ಕೆಳಗೆ ಸುತ್ತಲೂ ನೋಡಿದ. ಮಣ್ಣಿಲ್ಲ, ಮಡಕೆಯಿಲ್ಲ. ಬೈಯಲು ಬಾಯಿ ತೆರೆದು ಇತ್ತ ತಿರುಗಿದಾಗ ಯಂತ್ರದ ಮೇಜು ಅವನ ಕೈಗಳ ಕೆಳಗೆ ಇತ್ತು. ಬಗ್ಗಬೇಕಿಲ್ಲ, ಎತ್ತಬೇಕಿಲ್ಲ. ಎರಡೂ ಅಂಗೈಗಳನ್ನು ಅದರ ಮೇಲಿಟ್ಟು ನಿಂತ. ನಾನು ಈಚೆ ಬದಿ ನೆಲಕ್ಕೆ ಕೂತೆ. ಅವನ ಮುಖ ನನ್ನ ಮುಖಕ್ಕಿಂತ ತುಸುವೇ ಮೇಲಿತ್ತು. ಬಾಗಿಲಿನಿಂದ ನೋಡಿದವರಿಗೆ ಒಬ್ಬ ನೆಲದ ಮೇಲೆ, ಇನ್ನೊಬ್ಬ ಎತ್ತರದ ಮಣೆಯ ಮೇಲೆ ಕೂತಂತೆ ಕಾಣಬೇಕು. ಅದು ಅವನಿಗೂ ಹೊಳೆಯಿತು. ಬಾಗಿಲ ಕಡೆ ನೋಡಿದ, ತನ್ನ ಕಾಲು ನೋಡಿಕೊಂಡ.

"ಒಂದು ಬೆರಳು ಆಳ ಹೆಚ್ಚಾಗೇತಿ" ಎಂದ.

"ಹೊಟ್ಟು ಬಿದ್ದು ತುಂಬತೈತಿ."

ಟವೆಲ್ಲಿನಿಂದ ಮೂಗು ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. "ಕೊಪ್ಪರಿಗಿ ಸಿಕ್ಕಿದ್ರ ಚಲೋ ಆಗಿತ್ತು" ಎಂದ.

"ಕುರ್ಚಿ ಹೆಂಗಿತ್ತು?"

"ತಿರಗತೈತಿ. ಅಮಾಸಿ ಆದ ಮ್ಯಾಲ ಬರ್ತೇನಿ ಅಂತ ಹೇಳಿ ಬಂದೀನಿ."

ನಾನು ಮುಂದೆ ಕೇಳಲಿಲ್ಲ. ಕೇಳಿದರೆ ಹಟಕ್ಕಾದರೂ ಹೋಗಿಬಿಡುವ ಜಾತಿ ಅದು. ಮರುದಿನದಿಂದ ನಾನು ಕೂತು ಹಲಗೆ ನೂಕಿದೆ, ಅವನು ಕುಣಿಯಲ್ಲಿ ನಿಂತು ಹಿಡಿದುಕೊಂಡ. ಕೊಯ್ಯುವಾಗ ಬೀಳುವ ಹೊಟ್ಟು ಅವನ ಕಾಲ ಕೆಳಗೆ ಮೆತ್ತಗೆ ಹಾಸಿಕೊಂಡು, ಮೊಣಕಾಲಿಗೆ ಸುಖವಾಗುತ್ತದೆ ಎಂದು ಅವನು ಹೇಳಲಿಲ್ಲ. ಆದರೆ ಹೊಟ್ಟಿನ ಒಲೆಗೆಂದು ಪಕ್ಕದ ಮನೆಯಾಕೆ ತುಂಬಿಕೊಳ್ಳಲು ಬಂದಾಗ "ಸ್ವಲ್ಪ ಬಿಡವಾ" ಎನ್ನುತ್ತಿದ್ದ. ಮತ್ತೆ ನನ್ನನ್ನು ಬೈಯತೊಡಗಿದ, ಬೆಳಗಿನಿಂದ ಸಂಜೆಯವರೆಗೆ. ಅಮಾವಾಸ್ಯೆ ಹತ್ತಿರ ಬಂದಂತೆಲ್ಲ ನನಗೆ ರೊಟ್ಟಿ ಸೇರದಾಯಿತು. ಅವನು ಬಾಗೇವಾಡಿಯ ಸುದ್ದಿ ಎತ್ತಲ್ಲ, ನಾನು ಎತ್ತಲ್ಲ. ಕಾಕಾನ ಹೆಂಡತಿ ನಮ್ಮ ಚಿಗವ್ವ, ಇಸ್ತ್ರಿ ಅಂಗಿಯನ್ನು ಒಗೆದು ಮಡಿಚಿ ಇಟ್ಟಿದ್ದಾಳೆ ಎಂದು ಕಸ್ತೂರಿ ಬಂದು ಹೇಳಿದಳು.

ಅಮಾವಾಸ್ಯೆಯ ಮರುದಿನ ಅಂಗಡಿಯ ಮುಂದೆ ಕಾರು ನಿಂತಿತು. ಶೋರೂಮಿನ ಸಾಹುಕಾರರು ತಾವೇ ಬಂದಿದ್ದರು. ಕೈಯಲ್ಲಿ ಶೋರೂಮಿನ ಹೆಸರು ಬರೆದ ಹೊಸ ಅಂಗಿ, ಪ್ಲಾಸ್ಟಿಕ್ಕಿನ ಚೀಲದಲ್ಲಿ. ಬಾಗಿಲಲ್ಲೇ ನಿಂತು ಒಳಗೆ ನೋಡಿದರು. ನೆಲದ ಮಟ್ಟದಲ್ಲಿ ಯಂತ್ರ, ಅದರ ಮೇಲೆ ಅಡ್ಡ ಮಲಗಿದ ಹಲಗೆ, ಈ ತುದಿಗೆ ನಾನು, ಆ ತುದಿಗೆ ಸೊಂಟದಿಂದ ಮೇಲಷ್ಟೇ ಕಾಣುವ ಕಾಕಾ.

"ಏನ್ರಿ ಮೌನೇಶಪ್ಪನೋರ, ನೆಲಕ್ಕ ಕುಂದ್ರಾಕ ಆಗೂದಿಲ್ಲ ಅಂದಿದ್ರಿ?"

ಕಾಕಾ ನನ್ನ ಕಡೆ ನೋಡಿದ. ನಾನು ಹಲಗೆಯ ಗಂಟು ನೋಡುತ್ತ ಕೂತೆ.

"ಅಂದಿದ್ದು ಖರೇನ ರೀ" ಎಂದ ಕಾಕಾ. "ಮೊಣಕಾಲು ಆರಾಮ ಆತು. ಕುಂತೇನಿ ನೋಡ್ರಿ."

"ಭಾಳ ಚಲೋ ಆತು. ಹಂಗಾರ ಏಳ್ರಿ, ಗಾಡಿ ತಂದೇನಿ."

ಕಾಕಾ ಹೊಟ್ಟಿನೊಳಗೆ ಪಾದ ಊರಿ, ಹಲಗೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಈಗ ಕುಂತೇನಲ್ರಿ ಸಾವ್ಕಾರ್ರ" ಎಂದ. "ಇನ್ನ ಏಳೂದಿಲ್ಲ."

ಸಾಹುಕಾರರು ಮತ್ತೇನೋ ಹೇಳಲು ಬಾಯಿ ತೆರೆದರು. ನಾನು ಸ್ವಿಚ್ಚು ಹಾಕಿದೆ.